ನಲವತ್ತು ಹಾಳೆಗಳ ಮೇಲೆ ಒಂದೇ ಹೆಬ್ಬೆಟ್ಟು

ಅಮರೇಶ, ಸಹನಾ, ಇದನ್ನು ನಿಮ್ಮಿಬ್ಬರಿಗೆಂದೇ ಬರೆಯುತ್ತಿದ್ದೇನೆ. ಕಳೆದ ರಜೆಗೆ ಹಟ್ಟಿ ಗಣಿಯಿಂದ ಬಂದಾಗ ಸಹನಾ ಕೇಳಿದಳು, "ಅಜ್ಜಿ, ಇಷ್ಟು ವರ್ಷ ಆಶಾ ಕೆಲಸ ಮಾಡೀದಿ, ಮರಿಲಾರದ್ದು ಒಂದು ಹೇಳು" ಎಂದು. ಟ್ರ್ಯಾಕ್ಟರಿನಲ್ಲಿ ಆದ ಹೆರಿಗೆಯ ಕಥೆ ಹೇಳಿ ನಿಮ್ಮನ್ನು ನಗಿಸಿ ಕಳಿಸಿದೆ. ಅದು ನಡೆದದ್ದು ನಿಜ. ಆದರೆ ನಾನು ಮರೆಯಲಾರದ್ದು ಬೇರೆ ಇದೆ. ಅದನ್ನು ನಿಮ್ಮ ಮುಖ ನೋಡಿ ಹೇಳಲು ಆಗಲಿಲ್ಲ. ನಾಲ್ಕು ಜನರ ಮುಂದೆ ಬಾಯಿ ಬಿಡಲಾರದವಳು ನಾನು ಎಂದು ನಿಮ್ಮ ಅವ್ವ ನಗೆಯಾಡುತ್ತಾಳಲ್ಲ, ಈ ಸಂಗತಿಯಲ್ಲಿ ಅದು ನಗುವ ಮಾತಾಗಿ ಉಳಿಯಲಿಲ್ಲ.

ಕೊರೊನಾ ತಗ್ಗಿದ ಮೇಲಿನ ಮುಂಗಾರು ಅದು. ಬಳಗಾನೂರಿನ ಕಡೆಯ ಕಾಲುವೆ ಕೆಳಗಿನ ನಮ್ಮ ಊರಿನಲ್ಲಿ ನಾನು ಆಶಾ ಕಾರ್ಯಕರ್ತೆ. ಅಂದರೆ ಬಸುರಿ ಬಾಣಂತಿಯರ ಲೆಕ್ಕ ಇಡುವುದು, ಮಕ್ಕಳಿಗೆ ಸೂಜಿ ಹಾಕಿಸುವುದು, ಸರಕಾರದ ಆರೋಗ್ಯದ ಮಾತನ್ನು ಮನೆಮನೆಗೆ ಮುಟ್ಟಿಸುವುದು. ನನ್ನ ತವರು ಪಾಮನಕಲ್ಲೂರಿನಲ್ಲಿ ಜೋಳ, ತೊಗರಿ. ಅಲ್ಲಿಯ ಶಾಲೆಯಲ್ಲಿ ಎಂಟನೇ ತರಗತಿ ಪಾಸಾಗಿದ್ದೆ. ನಿಮ್ಮ ತಾತ ತೀರಿಕೊಂಡ ಮೇಲೆ ಆ ಎಂಟನೇ ತರಗತಿಯೇ ನನಗೆ ಈ ಕೆಲಸ ಕೊಡಿಸಿತು.

ಆ ವರ್ಷ ನಂದಿನಿ ಎಂಬ ಡಾಕ್ಟರು ನಮ್ಮಲ್ಲಿಗೆ ಬಂದರು. ಮೈಸೂರು ಕಡೆಯವರು, ಸಿಂಧನೂರಿನಲ್ಲಿ ಒಂದು ಕೋಣೆ ಬಾಡಿಗೆ ಹಿಡಿದಿದ್ದರು. ಅವರದು ಸಂಶೋಧನೆ. ಭತ್ತಕ್ಕೆ ಹೊಡೆಯುವ ಕೀಟನಾಶಕಕ್ಕೆ ನಮ್ಮ ಕಡೆ ಎಣ್ಣೆ ಎನ್ನುತ್ತೇವಲ್ಲ, ಆ ಎಣ್ಣೆ ನಾಟಿ ಮಾಡುವ, ಕಳೆ ಕೀಳುವ ಹೆಣ್ಣುಮಕ್ಕಳ ಮೈಯೊಳಗೆ ಎಷ್ಟು ಸೇರುತ್ತದೆ ಎಂದು ನೋಡುವುದು. ಅದಕ್ಕೆ ಅವರ ಮೂತ್ರವನ್ನು ಬಾಟಲಿಯಲ್ಲಿ ಹಿಡಿದು ಪರೀಕ್ಷೆಗೆ ಕಳಿಸಬೇಕಿತ್ತು. ಮಸ್ಕಿ, ಸಿಂಧನೂರು ಕಡೆಯ ಭತ್ತದ ಊರುಗಳ ಜೊತೆ ಲಿಂಗಸುಗೂರು ಕಡೆಯ ಒಣಬೇಸಾಯದ ಊರುಗಳಲ್ಲೂ ಬಾಟಲಿ ತುಂಬಿಸುತ್ತಿದ್ದರು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಮಾತ್ರ ವ್ಯತ್ಯಾಸ ತಿಳಿಯುತ್ತದೆ ಎಂದು ನನಗೆ ವಿವರಿಸಿ ಹೇಳಿದ್ದರು. ಖರ್ಚಿಗೆ ಸರಕಾರದ ಸಂಶೋಧನಾ ಅನುದಾನ ಬರುತ್ತಿತ್ತು. ಬಾಟಲಿಗಳೆಲ್ಲ ಲಿಂಗಸುಗೂರಿನ ಒಂದು ಬಾಡಿಗೆ ಕೋಣೆಯ ಫ್ರೀಜರಿಗೆ ಹೋಗುತ್ತಿದ್ದವು. ಎಲ್ಲ ಕೂಡಿದ ಮೇಲೆ ಒಟ್ಟಿಗೆ ಬೆಂಗಳೂರಿನಲ್ಲಿ ಪರೀಕ್ಷೆ.

ನಮ್ಮೂರಿನ ಅರವತ್ತು ಹೆಣ್ಣುಮಕ್ಕಳು ನನ್ನ ಪಾಲಿಗೆ ಬಂದರು. ಮೊದಲ ದಿನ ಬಾಟಲಿ ಹಿಡಿದು ಹೋದಾಗ ನಾಟಿ ಗುಂಪಿನ ಈರಮ್ಮ ಗದ್ದೆಯ ಬದುವಿನ ಮೇಲೆ ಬಿದ್ದುಬಿದ್ದು ನಕ್ಕಳು.

"ನಾ ಒಮ್ಮೆರ ಬೆಂಗ್ಳೂರು ನೋಡಿಲ್ಲ, ನನ್ನ ಉಚ್ಚಿ ನೋಡ್ತೈತಲ್ಲಬೇ ಗಂಗಕ್ಕ!"

"ಹೋಗಲಿ ಬಿಡಬೇ, ಬರೋ ಮುಂದ ನಿನಗೊಂದು ಸೀರಿ ತರ್ತೈತಿ" ಎಂದು ಇನ್ನೊಬ್ಬಳು.

ಹುಲಿಗೆಮ್ಮ ಮಾತ್ರ ನಗಲಿಲ್ಲ. ಎರಡು ಸಲ ಬಸುರು ನಿಂತು ಎರಡೂ ಸಲ ಇಳಿದುಹೋಗಿತ್ತು ಅವಳಿಗೆ. ಬಾಟಲಿಯನ್ನು ಸೆರಗಿನಲ್ಲಿ ಒರೆಸಿ ಕೊಡುತ್ತ, "ಎಣ್ಣಿ ಹೊಡದ ಗದ್ದ್ಯಾಗ ಇಳಿಯೋದಕ್ಕ ಹಿಂಗಾಗ್ತೈತೇನಕ್ಕಾ? ಇದು ಹೇಳ್ತೈತೇನು?" ಎಂದು ಕೇಳಿದಳು.

"ಅದನ್ನ ನೋಡಾಕ ಬಂದಾರ" ಎಂದೆ.

"ಹಂಗಾರ ನನಗ ಮೊದಲ ಹೇಳಕ್ಕಾ, ಏನ ಇರಲಿ" ಎಂದಳು.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ಬಾಟಲಿಗಿಂತ ಮೊದಲು ಪ್ರತಿಯೊಬ್ಬರಿಂದಲೂ ಒಂದು ಒಪ್ಪಿಗೆ ಪತ್ರ ತೆಗೆದುಕೊಳ್ಳಬೇಕಿತ್ತು. ಅದನ್ನು ಓದಿ ಹೇಳಬೇಕು, ಕೇಳಿದ್ದಕ್ಕೆ ಉತ್ತರ ಕೊಡಬೇಕು, ಒಪ್ಪಿದರೆ ಸಹಿ ಅಥವಾ ಹೆಬ್ಬೆಟ್ಟು, ಕೆಳಗೆ ಸಾಕ್ಷಿಯೆಂದು ನನ್ನ ಸಹಿ. "ಒಪ್ಪಿಗೆ ಇಲ್ಲದ ಬಾಟಲಿ ನಮಗೆ ಬೇಡವೇ ಬೇಡ ಅಮ್ಮಾ" ಎಂದು ಡಾಕ್ಟರು ಎಷ್ಟೋ ಸಲ ಹೇಳಿದ್ದರು. ಇಪ್ಪತ್ತು ಜನ ಸಹಿ ಮಾಡಿದರು. ಉಳಿದ ನಲವತ್ತು ಜನ ಹೆಬ್ಬೆಟ್ಟಿನವರು.

ನಾಟಿಯ ದಿನಗಳಲ್ಲಿ ಆ ಹೆಣ್ಣುಮಕ್ಕಳ ಬೆರಳು ನೋಡಬೇಕು ನೀವು. ಬೆಳಗಿನಿಂದ ಸಂಜೆಯವರೆಗೆ ಕೆಸರು ನೀರಿನಲ್ಲಿ ಸಸಿ ಊರಿ ಊರಿ ಬೆರಳ ತುದಿಯ ಚರ್ಮ ಬೆಳ್ಳಗೆ ನೆನೆದು ಸುಲಿದುಹೋಗಿರುತ್ತದೆ. ರೇಷನ್ ಅಂಗಡಿಯ ಮಷೀನೂ ಅವರ ಬೆರಳನ್ನು ಹಿಡಿಯುವುದಿಲ್ಲ. ಮನೆಯಲ್ಲಿರುವ ಮುದುಕಿಯನ್ನೋ ಶಾಲೆಗೆ ಹೋಗುವ ಮಗಳನ್ನೋ ಕರೆತಂದು ಒತ್ತಿಸಿ ಅಕ್ಕಿ ತರುತ್ತಾರೆ. ನನ್ನ ಹಾಳೆಗಳ ಮೇಲೂ ಹಾಗೇ ಆಯಿತು. ಒತ್ತಿದರೆ ಬರೀ ನೀಲಿ ಕಲೆ. ಗೆರೆಯೇ ಇಲ್ಲ. ನಾಲ್ಕೈದು ಹಾಳೆ ಕೆಟ್ಟವು.

"ನಿಂದ ಒತ್ತಿಬಿಡಬೇ ಅಕ್ಕ, ನಾವು ಹ್ಞೂಂ ಅಂದೀವಲ್ಲ" ಎಂದಳು ಈರಮ್ಮ.

ಹಾಗೆ ಆದರೆ ಏನು ಮಾಡಬೇಕೆಂದು ಡಾಕ್ಟರು ಮೊದಲೇ ಹೇಳಿಕೊಟ್ಟಿದ್ದರು. ಹಾಳೆ ಖಾಲಿ ಬಿಡಿ, ನನಗೆ ತಿಳಿಸಿ, ನಾನು ಬಂದು ಅವರ ಮಾತನ್ನೇ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತೇನೆ ಎಂದಿದ್ದರು. ನನಗೆ ಅದು ಮರೆತಿರಲಿಲ್ಲ. ಆದರೆ ನಲವತ್ತು ಹಾಳೆ ಖಾಲಿ ಹಿಡಿದು ಅವರ ಮುಂದೆ ನಿಂತು, ನನ್ನಿಂದ ಆಗಲಿಲ್ಲ ಎಂದು ಹೇಳಲು ನಾಚಿಕೆಯಾಯಿತು. ಅಂಗನವಾಡಿಯ ಬಾಗಿಲು ಮುಚ್ಚಿಕೊಂಡು ಕೂತು, ನಲವತ್ತಕ್ಕೂ ನನ್ನ ಎಡಗೈ ಹೆಬ್ಬೆರಳನ್ನೇ ಒತ್ತಿದೆ. ಆಮೇಲೆ ಅದರ ಕೆಳಗೇ ಸಾಕ್ಷಿ ಎಂದು ದುಂಡಗೆ ಸಹಿ ಮಾಡಿದೆ. ಡಾಕ್ಟರು ಕಟ್ಟು ನೋಡಿ, "ಎಷ್ಟು ಅಚ್ಚುಕಟ್ಟಾಗಿ ಮಾಡಿದ್ದೀರಿ ಅಮ್ಮಾ" ಎಂದರು. ನಾನು ಹಿಗ್ಗಿದೆ. ಕಟ್ಟು ಸದ್ಯಕ್ಕೆ ಅಂಗನವಾಡಿಯ ಅಲಮಾರಿಯಲ್ಲೇ ಇರಲಿ ಎಂದು ಹೇಳಿ ಹೋದರು.

ಊರಿನ ವೀರಭದ್ರಪ್ಪ ಸಾವುಕಾರರಿಗೆ ಅಕ್ಕಿ ಗಿರಣಿ ಇತ್ತು, ಗೊಬ್ಬರ ಮತ್ತು ಎಣ್ಣೆಯ ಅಂಗಡಿ ಇತ್ತು. ಪಂಚಾಯಿತಿ ಅವರ ಕೈಯಲ್ಲಿತ್ತು. ಊರ ಆರೋಗ್ಯ ಸಮಿತಿಗೂ ಅವರೇ ಅಧ್ಯಕ್ಷರು. ನಾಟಿ ಮುಗಿಯುವ ಹೊತ್ತಿಗೆ ನನ್ನನ್ನು ಅಂಗಡಿಗೆ ಕರೆಸಿದರು. ಕೆಟ್ಟದಾಗಿ ಮಾತಾಡಲಿಲ್ಲ. ಚಹಾ ತರಿಸಿಕೊಟ್ಟರು.

"ಗಂಗಮ್ಮ, ನಾ ಆ ಡಾಕ್ಟರಮ್ಮಗ ವೈರಿ ಅಲ್ಲ. ನಾಳಿ ಪೇಪರಿನ್ಯಾಗ ಈ ಕಡಿ ಭತ್ತದಾಗ ವಿಷ ಐತಿ ಅಂತ ಬಂತಂದ್ರ ನಮ್ಮ ಅಕ್ಕಿ ಯಾರು ತಗೋತಾರ? ನಿನ್ನ ನಾಟಿ ಹೆಣ್ಮಕ್ಳಿಗೆ ಕೆಲಸ ಕೊಡಾವ್ರು ಯಾರು, ಆಕಿನಾ?"

"ಅವ್ರು ಅಕ್ಕಿ ನೋಡಂಗಿಲ್ರೀ ಸಾವುಕಾರ್ರ, ಹೆಣ್ಮಕ್ಳ ಮೈ ನೋಡ್ತಾರ್ರಿ" ಎಂದೆ. ಅಷ್ಟು ಹೇಳಿದ್ದೇ ನನ್ನ ಮಟ್ಟಿಗೆ ದೊಡ್ಡದು.

"ಅಷ್ಟು ಓದಿ ತಿಳ್ಕೊಳ್ಳೋ ತಾಳ್ಮಿ ಯಾರಿಗೈತಿ? ಇರಲಿ, ಆ ಕಾಗದ ತಂದು ತೋರಿಸು. ನಾ ಅಧ್ಯಕ್ಷ ಅದೀನಿ, ನೋಡಬಾರದೇನು?"

ಡಾಕ್ಟರನ್ನು ಕೇಳಿ ಕೊಡುತ್ತೇನೆ ಎನ್ನಬೇಕಿತ್ತು. ನಾನು ಅಂಗನವಾಡಿ ಅಲಮಾರಿಯಿಂದ ಕಟ್ಟು ತಂದು ಅವರ ಮೇಜಿನ ಮೇಲೆ ಇಟ್ಟೆ. ಅವರ ಅಂಗಡಿಯ ಗುಮಾಸ್ತ ಒಂದೊಂದೇ ಹಾಳೆ ತಿರುವಿ ಫೋಟೊ ಹೊಡೆಯತೊಡಗಿದ. ಹತ್ತನೆಯದಕ್ಕೋ ಹನ್ನೆರಡನೆಯದಕ್ಕೋ ನಿಂತ. ನನ್ನ ಹೆಬ್ಬೆರಳ ಮೇಲೆ ಕುಡುಗೋಲು ತಾಗಿದ ಹಳೆಯ ಗಾಯವಿದೆ, ನೀವು ನೋಡಿದ್ದೀರಿ. ಅಚ್ಚಿನಲ್ಲಿ ಅದು ಅಡ್ಡಡ್ಡ ಬಿಳಿಗೆರೆಯಾಗಿ ಮೂಡಿತ್ತು. "ಸಾವುಕಾರ್ರ, ಇಲ್ಲಿ ನೋಡ್ರಿ, ಎಲ್ಲಾ ಒಂದ ಹೆಬ್ಬಟ್ಟು" ಎಂದ. ಸಾವುಕಾರರು ನನ್ನ ಕಡೆ ನೋಡಿದರು. ನಾನು ಸಹಿ ಮಾಡಬಲ್ಲವಳು. ನನ್ನ ಹೆಬ್ಬೆಟ್ಟನ್ನು ಎಲ್ಲಿಯೂ ಯಾರೂ ನೋಡಿರಲಿಲ್ಲ. ಉಳಿದ ಹಾಳೆಗಳ ಫೋಟೊವನ್ನೂ ಹೊಡೆಯಲು ಗುಮಾಸ್ತನಿಗೆ ಹೇಳಿ, ಕಟ್ಟನ್ನು ನನಗೆ ವಾಪಸು ಕೊಟ್ಟರು.

ಸಾವುಕಾರರು ಗಿರಣಿಯವರನ್ನೂ ಎಣ್ಣೆ ಅಂಗಡಿಯವರನ್ನೂ ಕೂಡಿಸಿಕೊಂಡು ಬೆಂಗಳೂರಿಗೆ ಹೋಗಿ ಬಂದರು. ಸ್ವಲ್ಪ ದಿನಕ್ಕೆ ಆದೇಶ ಬಂತು. ಡಾಕ್ಟರು ಬಡ ಹೆಣ್ಣುಮಕ್ಕಳ ಹೆಸರಿನಲ್ಲಿ ಸುಳ್ಳು ಹೆಬ್ಬೆಟ್ಟಿನ ಖೊಟ್ಟಿ ಒಪ್ಪಿಗೆ ಪತ್ರ ಮಾಡಿದ್ದಾರೆ ಎಂದು ದೂರು. ವಿಚಾರಣೆ ಮುಗಿಯುವ ತನಕ ಅಧ್ಯಯನ ನಿಲ್ಲಿಸಬೇಕು, ಅನುದಾನ ತಡೆಹಿಡಿಯಲಾಗಿದೆ. "ಅವರಿಗೆ ಒಂದು ನೆಪ ಬೇಕಿತ್ತು, ಸಿಕ್ತು" ಎಂದರು ಡಾಕ್ಟರು. ಆ ನೆಪ ನನ್ನ ಹೆಬ್ಬೆರಳು ಎಂದು ನನಗೊಬ್ಬಳಿಗೇ ಗೊತ್ತು ಎಂದುಕೊಂಡಿದ್ದೆ.

ವಿಚಾರಣೆ ಮಸ್ಕಿಯ ಸರಕಾರಿ ಕಚೇರಿಯಲ್ಲಿ ಆಯಿತು. ಹಿಂದಿನ ದಿನ ಸಾವುಕಾರರು ನಮ್ಮ ಮನೆಯ ಮುಂದೆ ಗಾಡಿ ನಿಲ್ಲಿಸಿ, "ನಾಳಿ ನೀ ಸುಮ್ನ ಕುಂದ್ರು ಗಂಗಮ್ಮ. ನಿನ್ನ ಕೆಲಸಕ್ಕೇನೂ ಆಗಂಗಿಲ್ಲ" ಎಂದು ಹೇಳಿ ಹೋದರು. ಮರುದಿನ ಈರಮ್ಮ, ಹುಲಿಗೆಮ್ಮ ಸೇರಿ ಎಂಟು ಹೆಣ್ಣುಮಕ್ಕಳು ಕೂಲಿ ಬಿಟ್ಟು ಟಂಟಂ ಹತ್ತಿ ಮಸ್ಕಿಗೆ ಬಂದಿದ್ದರು. ನಾವೇ ಒಪ್ಪಿ ಕೊಟ್ಟಿದ್ದೇವೆ ಎಂದು ಹೇಳಲು. ಅವರನ್ನು ಹೊರಗೆ ಬೇವಿನ ಗಿಡದ ಕೆಳಗೆ ನಿಲ್ಲಿಸಿದರು.

ಒಳಗೆ ವಿಚಾರಣಾ ಅಧಿಕಾರಿ, ಸಾವುಕಾರರು, ಅವರ ಕಡೆಯ ನಾಲ್ಕು ಜನ, ಡಾಕ್ಟರು, ನಾನು. ಅಧಿಕಾರಿ ಕೆಟ್ಟವರಲ್ಲ. ಹಾಳೆಗಳನ್ನು ಮೇಜಿನ ಮೇಲೆ ಹರವಿ ನನ್ನನ್ನೇ ಕೇಳಿದರು.

"ಸಾಕ್ಷಿ ಅಂತ ನಿಮ್ಮ ಸಹಿ ಇದೆ. ಇದು ಯಾರ ಹೆಬ್ಬೆಟ್ಟು? ಹೆದರಬೇಡಿ. ಯಾರದು, ಯಾಕೆ ಅಂತ ಗೊತ್ತಾದರೆ ಇದು ತಿಳಿಯದೆ ಆದ ತಪ್ಪು ಅಂತ ಬರೀತೀನಿ. ಹೊರಗೆ ನಿಂತ ಹೆಣ್ಣುಮಕ್ಕಳನ್ನ ಕರೆದು ಹೊಸದಾಗಿ ಒಪ್ಪಿಗೆ ತಗೊಂಡರೆ ಆಯ್ತು. ಗೊತ್ತಾಗದಿದ್ದರೆ ಖೊಟ್ಟಿ ಅಂತ ಬರೆಯಬೇಕಾಗುತ್ತೆ."

ಇಷ್ಟು ಸಲೀಸಾಗಿ ಅವರು ದಾರಿ ತೆರೆದಿದ್ದರು. ನನದ್ರೀ ಎಂದು ಒಂದೇ ಮಾತು. ನನ್ನ ಎಡಗೈ ಸೆರಗಿನೊಳಗೆ ಹೋಗಿತ್ತು. ಸಾವುಕಾರರು ಕಿಟಕಿಯ ಕಡೆ ನೋಡುತ್ತಿದ್ದರು. ಡಾಕ್ಟರು ನನ್ನನ್ನೇ ನೋಡುತ್ತಿದ್ದರು.

"ಕೆಲಸದ ಗದ್ದಲದಾಗ ನೆನಪಿಲ್ರೀ" ಎಂದೆ.

ಅಧಿಕಾರಿ ಮತ್ತೊಮ್ಮೆ ಕೇಳಿದರು. ಮತ್ತೆ ಅದನ್ನೇ ಹೇಳಿದೆ. ಕೈ ತೋರಿಸು ಎಂದು ಯಾರೂ ಅನ್ನಲಿಲ್ಲ. ಸಾವುಕಾರರ ಕಡೆಯವರಿಗೆ ಸಿಕ್ಕಿಸಬೇಕಾಗಿದ್ದದ್ದು ಡಾಕ್ಟರನ್ನು, ನನ್ನನ್ನಲ್ಲ. ಡಾಕ್ಟರು ಎದ್ದು ನಿಂತು, "ಪತ್ರಗಳ ಜವಾಬ್ದಾರಿ ನನ್ನದು. ಆದರೆ ಆ ಹೆಣ್ಣುಮಕ್ಕಳನ್ನ ಒಮ್ಮೆ ಕೇಳಿ" ಎಂದರು. ಅದಕ್ಕೆ ಸಾವುಕಾರರ ಕಡೆಯವನೊಬ್ಬ, "ಹೇಳಿಕೊಟ್ಟು ಕರಕೊಂಡು ಬಂದಿರ್ತಾರ ಬಿಡ್ರೀ ಸಾಹೇಬ್ರ" ಎಂದು ನಕ್ಕ. ಅಧಿಕಾರಿ ಖೊಟ್ಟಿ ಎಂದು ಬರೆದು ಹಾಳೆಗಳನ್ನು ಕಟ್ಟಿದರು.

ನಮ್ಮ ಒಂದೂರಿನ ನಲವತ್ತು ಹಾಳೆಗಾಗಿ ಎಲ್ಲ ಊರುಗಳ ಅಧ್ಯಯನವೂ ನಿಂತಿತು. ಅನುದಾನ ರದ್ದಾಯಿತು. ಲಿಂಗಸುಗೂರಿನ ಕೋಣೆಗೆ ಬಾಡಿಗೆ ಇಲ್ಲ, ಫ್ರೀಜರಿಗೆ ಕರೆಂಟಿಲ್ಲ. ಪರೀಕ್ಷೆಯಾಗದ ಬಾಟಲಿಗಳನ್ನೆಲ್ಲ ಚೆಲ್ಲಿದರು. ಡಾಕ್ಟರು ಊರು ಬಿಡುವ ಮುಂಚೆ ನಮ್ಮ ಮನೆಗೆ ಬಂದು ಹೋದರು. ಯಾವಾಗಲೂ ಎರಡೂ ಕೈಯಲ್ಲಿ ಹಿಡಿದು ಕೊಡುತ್ತಿದ್ದ ಚಹಾದ ಕಪ್ಪನ್ನು ಅಂದು ಬಲಗೈಯೊಂದರಲ್ಲೇ ಕೊಟ್ಟೆ.

ಮುಂದಿನ ನಾಟಿಗೆ ಹುಲಿಗೆಮ್ಮ ಮತ್ತೆ ಗದ್ದೆಗೆ ಇಳಿದಳು. ಮೂರು ತಿಂಗಳ ಬಸುರಿ. ಕಬ್ಬಿಣದ ಗುಳಿಗೆ ಕೊಡಲು ಬದುವಿಗೆ ಹೋದೆ. ಕೆಸರಿನಲ್ಲಿ ನಿಂತೇ ಕೇಳಿದಳು.

"ನನ್ನ ಬಾಟ್ಲಿ ಏನಂತಕ್ಕಾ?"

"ಚೆಲ್ಲ್ಯಾರವ್ವ."

"ಯಾಕ?"

"ಕಾಗದ ಸರಿ ಇರಲಿಲ್ಲಂತ."

"ನಾ ಹ್ಞೂಂ ಅಂದಿದ್ದೆನಲ್ಲ" ಎಂದಳು. ಸಿಟ್ಟಿಲ್ಲ, ಬರೀ ಆಶ್ಚರ್ಯ. ಗುಳಿಗೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಮತ್ತೆ ಬಾಗಿದಳು. ಆ ಬಸುರೂ ನಿಲ್ಲಲಿಲ್ಲ. ಎಣ್ಣೆಯಿಂದಲೋ ಅಲ್ಲವೋ, ನಾನು ಹೇಳಲಾರೆ. ಅದನ್ನು ಹೇಳಬಹುದಾಗಿದ್ದ ಒಂದು ದಾರಿ ಇತ್ತು, ಅದನ್ನು ಮುಚ್ಚಿದವರಲ್ಲಿ ನಾನೂ ಒಬ್ಬಳು.

ಕೆಲಸದಿಂದ ನಿವೃತ್ತಳಾದ ಮೇಲೆ ಡಾಕ್ಟರಿಗೆ ಫೋನ್ ಮಾಡಿದೆ. ಇನ್ನು ಯಾರೂ ನನ್ನ ಕೆಲಸ ಕಿತ್ತುಕೊಳ್ಳಲಾರರು ಎಂದು ಗೊತ್ತಾದ ಮೇಲೆ ಮಾಡಿದೆ ಎಂಬುದನ್ನೂ ಗಮನಿಸಿ. ಆ ಹೆಬ್ಬೆಟ್ಟು ನನ್ನದು ಎಂದೆ.

"ಗೊತ್ತಿತ್ತು ಅಮ್ಮಾ. ಎಷ್ಟು ಸಲ ನಿಮ್ಮ ಕೈಯಿಂದ ಚಹಾ ಕುಡಿದಿದ್ದೆ, ಗಾಯ ನೋಡಿರಲಿಲ್ವಾ?"

"ಮತ್ತ ಹೇಳಲಿಲ್ಲಲ್ರೀ?"

"ನಾನು ಹೇಳಿದ್ರೆ ಅವರು ನಿಮ್ಮನ್ನ ಊರಲ್ಲಿ ಬದುಕೋಕೆ ಬಿಡ್ತಿರಲಿಲ್ಲ. ನೀವೇ ಹೇಳ್ತೀರಿ ಅಂತ ಕಾದೆ." ಆಮೇಲೆ, "ತುಂಬಾ ಕಾದೆ" ಎಂದರು. ಕ್ಷಮಿಸಿದೆ ಎನ್ನಲಿಲ್ಲ. ನಾನು ಕೇಳಲೂ ಇಲ್ಲ. ನಡೆದದ್ದನ್ನು ಬರೆದು ಸಹಿ ಮಾಡಿ ಕಳಿಸಿ ಎಂದು ವಿಚಾರಣೆ ನಡೆಸಿದ ಇಲಾಖೆಯ ವಿಳಾಸ ಹೇಳಿದರು.

ಬರೆದು ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆ. ನನ್ನ ಸಹಿಯ ಪಕ್ಕ ಹೆಬ್ಬೆಟ್ಟನ್ನೂ ಒತ್ತಿದೆ, ಹಾಳೆಗಳ ಜೊತೆ ಹೋಲಿಸಿ ನೋಡಲಿ ಎಂದು. ಬಹಳ ದಿನದ ಮೇಲೆ ಎರಡು ಸಾಲಿನ ಉತ್ತರ ಬಂತು. ಪತ್ರ ತಲುಪಿದೆ, ಪ್ರಕರಣ ಈಗಾಗಲೇ ಮುಕ್ತಾಯವಾಗಿದೆ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ದೊಡ್ಡವರು ಒಂದು ಒಳ್ಳೆಯ ಕೆಲಸವನ್ನು ಕೆಡಿಸಬೇಕೆಂದು ಹೊರಟಾಗ ಅದರೊಳಗಿನ ಸಣ್ಣ ಸುಳ್ಳನ್ನು ಹುಡುಕುತ್ತಾರೆ. ಆ ಸುಳ್ಳು ಯಾರಿಗೂ ಮೋಸ ಮಾಡಲು ಹೇಳಿದ್ದಲ್ಲದಿದ್ದರೂ ಅವರಿಗೆ ಅಷ್ಟೇ ಸಾಕು. ಆದ್ದರಿಂದ ಆಗದ ಕೆಲಸವನ್ನು ಆಗಿಲ್ಲ ಎಂದು ಅಂದೇ ಹೇಳಿ. ಅಂದು ಹೇಳಲಾಗದಿದ್ದರೆ ಮರುದಿನ ಹೇಳಿ. ನನ್ನ ಹಾಗೆ ಯಾರಿಗೂ ಉಪಯೋಗವಿಲ್ಲದ ಹೊತ್ತಿಗೆ ಹೇಳಬೇಡಿ.

ಆ ಕಡತದಲ್ಲಿ ಇಂದಿಗೂ ಖೊಟ್ಟಿ ಮಾಡಿದವರು ಡಾಕ್ಟರು ಎಂದೇ ಇದೆ. ನಾನು ಕಳಿಸಿದ ಪತ್ರದ ನಕಲು, ರಿಜಿಸ್ಟರಿನ ಚೀಟಿ, ಆ ಎರಡು ಸಾಲಿನ ಉತ್ತರ, ಮೂರನ್ನೂ ಇದರ ಹಿಂದೆ ಪಿನ್ನು ಹಾಕಿ ಇಟ್ಟಿದ್ದೇನೆ. ಓದಿ ನನ್ನ ಬಗ್ಗೆ ನಿಮಗೆ ಏನನ್ನಿಸಿದರೂ ಅನ್ನಿಸಲಿ. ಆದರೆ ಮುಂದೆ ಯಾರಾದರೂ ಆ ಕೆಲಸವನ್ನು ಮತ್ತೆ ಕೈಗೆತ್ತಿಕೊಂಡು, ಹಿಂದೆ ಇಲ್ಲಿ ಏನಾಗಿತ್ತು ಎಂದು ಕೇಳಿಕೊಂಡು ಬಂದರೆ ಅವರಿಗೆ ತೋರಿಸಬೇಕು. ಅಲ್ಲಿಯವರೆಗೆ ಈ ಹಾಳೆಗಳನ್ನು ನೀರು ತಾಕದ ಹಾಗೆ, ಇಲಿ ಹರಿಯದ ಹಾಗೆ ಜೋಪಾನ ಮಾಡಿ.