ಕೆಳಮನೆಯವರ ತಂದೆ ತೂಗಿದ ಹಡಗು

"ವರ್ಸೇಲ್ಸ್ ಒಪ್ಪಂದವು ಜರ್ಮನಿಯ ಯುದ್ಧನೌಕೆಗಳಿಗೆ ಹತ್ತು ಸಾವಿರ ಟನ್ನಿನ ಮಿತಿ ಹಾಕಿತು, ಜರ್ಮನ್ ಎಂಜಿನಿಯರುಗಳು ರಿವೆಟ್ ಬಿಟ್ಟು ಬೆಸುಗೆ ಹಿಡಿದು, ಆ ಮಿತಿಯೊಳಗೇ ಜಗತ್ತು ಬೆರಗಾಗುವಂಥ ಹಡಗುಗಳನ್ನು ಕಟ್ಟಿದರು." ಈ ಮಾತನ್ನು ನಾನು ಕನ್ನಡದಲ್ಲಿ ಓದಿದ್ದೇನೆ, ಇಂಗ್ಲಿಷಿನಲ್ಲಿ ಓದಿದ್ದೇನೆ, ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಜರ್ಮನ್ ಭಾಷೆಯಲ್ಲೂ ಓದಿದ್ದೇನೆ. ಮೂರು ಭಾಷೆಗಳಲ್ಲಿ ಅಚ್ಚಾದ ಮಾತ್ರಕ್ಕೆ ಒಂದು ಸಂಗತಿ ನಿಜವಾಗುವುದಿಲ್ಲ. ಬೆಸುಗೆ ಹಾಕಿದ್ದು ನಿಜ. ಅದರಿಂದ ತೂಕ ಉಳಿದದ್ದೂ ನಿಜ. 'ಮಿತಿಯೊಳಗೇ' ಎಂಬುದರ ಬಗ್ಗೆ ಮಾತ್ರ ನನ್ನ ತಕರಾರು.

ಕಳೆದ ವಾರ ಜರ್ಮನಿಯ ಸೇಂಟ್ ಲಿಯೋನ್-ರೋಟ್‌ನ ನಮ್ಮ ಕಟ್ಟಡದ ಮೆಟ್ಟಿಲ ಕಂಬಿ ಸಡಿಲವಾಗಿ, ಅದನ್ನು ಬೆಸೆಯಲು ಕೆಲಸಗಾರನೊಬ್ಬ ಬಂದಿದ್ದ. ಕಾದ ಕಬ್ಬಿಣದ ವಾಸನೆ ಮಹಡಿ ಹತ್ತಿ ನಮ್ಮ ಅಡುಗೆಮನೆಯನ್ನು ತುಂಬಿತು. ಹಿಂದೆ ನಮ್ಮ ಕೆಳಗಿನ ಮನೆಯಲ್ಲಿದ್ದ ವೃದ್ಧೆ, ನಮ್ಮ ಬಾಯಲ್ಲಿ ಕೆಳಮನೆಯವರು, ಇದ್ದಿದ್ದರೆ ಎಂಥ ಚಳಿಯಲ್ಲೂ ಹೊರಗೆ ಹೋಗಿ ನಿಂತುಬಿಡುತ್ತಿದ್ದರು. ಆ ವಾಸನೆ ಅವರಿಗೆ ಆಗುತ್ತಿರಲಿಲ್ಲ...

ಅವರನ್ನು ನಾನು ಮೊದಲು ಕಂಡದ್ದು ಬಹಳ ವರ್ಷಗಳ ಹಿಂದೆ. ಮಗಳು ಜರ್ಮನ್ ಸರ್ಕಾರ ಕಂಪ್ಯೂಟರಿನವರಿಗೆಂದು ಕೊಡುತ್ತಿದ್ದ ಗ್ರೀನ್ ಕಾರ್ಡ್ ಹಿಡಿದು ಇಲ್ಲಿನ ಸಾಫ್ಟ್‌ವೇರ್ ಕಚೇರಿಗೆ ಸೇರಿದ ಹೊಸತು ಅದು. ಮಂಗಳೂರಿನ ಹಳೆಯ ಬಂದರಿನಲ್ಲಿ, ಮಂಜಿ ಎಂದು ನಾವು ಕರೆಯುವ ಮರದ ಹಡಗುಗಳಿಗೆ ಹೆಂಚು ಹೇರಿಸುವ ಗುಮಾಸ್ತನಾಗಿದ್ದ ನಾನು, ನಿವೃತ್ತನಾದ ಮೇಲೆ ಅವಳೊಂದಿಗೆ ಕೆಲವು ತಿಂಗಳು ಇರಲು ಬಂದಿದ್ದೆ. ಶಾಲೆ ನನಗೆ ಎಂಟನೆಯ ತರಗತಿಗೇ ಮುಗಿದಿತ್ತು. ಉಳಿದದ್ದೆಲ್ಲ ವಾಚನಾಲಯದ ಬೆಂಚಿನ ಮೇಲೆ ಕಲಿತದ್ದು. ಈ ಕಟ್ಟಡದಲ್ಲಿ ಮೆಟ್ಟಿಲು ಶುಚಿಗೊಳಿಸುವ ಸರದಿ ವಾರಕ್ಕೊಬ್ಬರಂತೆ ಮನೆಯಿಂದ ಮನೆಗೆ ದಾಟುತ್ತಿತ್ತು; ಇಲ್ಲಿನವರು ಅದನ್ನು ಕೇರ್‌ವೋಖೆ ಎನ್ನುತ್ತಾರೆ. ನಮ್ಮ ಸರದಿ ಬಂದ ಶನಿವಾರ ಮಗಳು ಏಳುವ ಮೊದಲೇ ಕೆಲಸ ಮುಗಿಸಿಬಿಡೋಣವೆಂದು, ಊರಿನಲ್ಲಿ ಜಗಲಿ ತೊಳೆಯುವ ಹಾಗೆ ಮೇಲಿನಿಂದ ಬಕೆಟ್ ನೀರು ಸುರಿದೆ. ನೀರು ಮೆಟ್ಟಿಲು ಮೆಟ್ಟಿಲಾಗಿ ಇಳಿದು, ಕೆಳಮನೆಯ ಬಾಗಿಲಡಿಯಲ್ಲಿ ನುಗ್ಗಿ, ಅವರ ನೆಲಗಂಬಳಿಯನ್ನು ನೆನೆಸಿತು.

ಬಾಗಿಲು ತೆರೆದ ವೃದ್ಧೆ ಒದ್ದೆ ಚಪ್ಪಲಿಯಲ್ಲಿ ನಿಂತು, ನನ್ನ ಕೈಯ ಬಕೆಟ್ಟನ್ನು ದಿಟ್ಟಿಸಿ, ಇಂಗ್ಲಿಷಿನಲ್ಲಿ ಕೇಳಿದರು: "ಹಡಗು ನೀರಿಗಿಳಿಸುತ್ತಿದ್ದೀರಾ? ಮೊದಲೇ ಹೇಳಿದ್ದರೆ ಅದರ ಮೂತಿಗೆ ಒಡೆಯಲಿಕ್ಕೆ ಷಾಂಪೇನ್ ಬಾಟಲಿ ತರುತ್ತಿದ್ದೆ."

ಅಷ್ಟರಲ್ಲಿ ಮಗಳು ಓಡಿಬಂದಳು. "ಎಂತ ಅಪ್ಪಾ ಇದು! ಕೇರ್‌ವೋಖೆ ಅಂದ್ರೆ ಒರೆಸುದು ಮಾರಾಯ್ರೆ, ಹೊಳೆ ಹರಿಸುದಲ್ಲ! ಫೆರ್‌ಮೀಟರ್‌ಗೆ ಅಂದ್ರೆ ಓನರಿಗೆ ಕಂಪ್ಲೇಂಟ್ ಹೋದ್ರೆ ನಮ್ಮನ್ನು ಮನೆಯಿಂದ್ಲೇ ಔಟ್ ಮಾಡ್ತಾರೆ, ಗೊತ್ತುಂಟಾ?"

ದೂರು ಹೋಗಲಿಲ್ಲ. ಕಂಬಳಿಯನ್ನು ನಾನೂ ಮಗಳೂ ಹಿಂಡಿ ಒಣಹಾಕಿದೆವು, ವೃದ್ಧೆಯ ಅಡುಗೆಮನೆಯಿಂದ ಕಾಫಿ ಬಂತು. ಹಡಗಿನ ಮಾತು ತಮಾಷೆಗೆ ಬಂದದ್ದಲ್ಲವೆಂದು ಮೆಲ್ಲನೆ ತಿಳಿಯಿತು. ಅವರು ಹುಟ್ಟಿದ್ದು ಉತ್ತರ ಸಮುದ್ರದ ದಂಡೆಯ ಒಂದು ಹಡಗುಕಟ್ಟೆಯ, ಅಂದರೆ ಹಡಗು ಕಟ್ಟುವ ಕಾರ್ಖಾನೆಯ, ಊರಿನಲ್ಲಿ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಬ್ರಿಟಿಷ್ ಸೇನೆಯ ಕಚೇರಿಯಲ್ಲಿ ಟೈಪ್ ಮಾಡುತ್ತ ಇಂಗ್ಲಿಷ್ ಕಲಿತವರು. ತಂದೆ ಹಡಗುಕಟ್ಟೆಯ ಬಾಗಿಲಿನಲ್ಲಿ ತೂಗುವವರಾಗಿದ್ದರು. ಒಪ್ಪಂದದ ಕಾಲದ ಪದ್ಧತಿ ಅದು: ಹಡಗಿನೊಳಗೆ ಹೋಗುವ ಪ್ರತಿ ತಗಡು, ಪ್ರತಿ ಕೊಳವೆ ತಕ್ಕಡಿ ಹತ್ತಿಯೇ ಹೋಗಬೇಕು.

ಹತ್ತು ಸಾವಿರ ಟನ್ನಿನದೆಂದು ಪತ್ರಿಕೆಗಳು ಕೊಂಡಾಡುತ್ತಿದ್ದ ಮೂರು ಹಡಗುಗಳಲ್ಲಿ ಒಂದು ಅಲ್ಲಿ ಏಳುತ್ತಿತ್ತು. ಒಂದು ಭಾನುವಾರ ನೆಂಟರೊಡನೆ ಊಟಕ್ಕೆ ಕುಳಿತಿದ್ದಾಗ ತಂದೆ ಹೇಳಿದರಂತೆ, ಅದು ಹತ್ತು ಸಾವಿರವನ್ನು ದಾಟಿದೆ, ತೂಗಿದವನು ನಾನು ಎಂದು. ಮಾತು ಊರಿಗೆ ಹಬ್ಬಿತು. ಕೆಲಸ ಹೋಯಿತು. ಶತ್ರುವಿಗೆ ತೂಕ ಹೇಳಿಕೊಟ್ಟವನೆಂದರು, ಕುಡುಕನೆಂದರು. ತಪ್ಪಾಗಿ ಹೇಳಿದೆನೆಂದು ಒಪ್ಪಿಕೊಳ್ಳಲು ತಾಯಿ ಬೇಡಿದರು, ಅವರು ಒಪ್ಪಲಿಲ್ಲ. ತಾಯಿ ಮಕ್ಕಳನ್ನು ಕರೆದುಕೊಂಡು ಬೇರೆ ಮನೆ ಮಾಡಿದರು. ತಂದೆ ಬಾಡಿಗೆ ಕೋಣೆಯೊಂದರಲ್ಲಿ ತೀರಿಹೋದರು.

"ಬೀದಿಯಲ್ಲಿ ಎದುರಾದರೆ ಮಾತಾಡಬಾರದೆಂದು ಅಮ್ಮ ಕಲಿಸಿದ್ದಳು," ಎಂದರು ಕೆಳಮನೆಯವರು. "ಹಡಗುಕಟ್ಟೆಯ ಹಳೆಯ ಕೋಟನ್ನೇ ಹಾಕುತ್ತಿದ್ದರು, ಅದಕ್ಕೆ ಬೆಸುಗೆಯ ವಾಸನೆ. ದೂರದಿಂದಲೇ ತಿಳಿದು ರಸ್ತೆ ದಾಟುತ್ತಿದ್ದೆ."

ನಾನು ನಂಬಿದೆ. ಮರುಕದಿಂದಲ್ಲ, ಬಂದರಿನ ಅನುಭವದಿಂದ. ಹೆಂಚಿನ ವ್ಯಾಪಾರಿ ಎಷ್ಟು ಹೇರಿದ್ದೇನೆಂದು ಬೇಕಾದರೂ ಹೇಳಲಿ, ಮಂಜಿಯ ಹೊಟ್ಟೆಯ ಮೇಲೆ ನೀರು ಎಲ್ಲಿಗೆ ಮುಟ್ಟಿದೆಯೆಂದು ನೋಡಿದರೆ ಹೇರಿದ್ದೆಷ್ಟೆಂದು ನಮಗೆ ಗೊತ್ತಾಗುತ್ತಿತ್ತು. ಯುದ್ಧನೌಕೆಯೂ ನೀರಿನಲ್ಲೇ ತೇಲಬೇಕಲ್ಲ.

ಅವರಿಗೆ ನನ್ನ ನಂಬಿಕೆ ಸಾಲದಾಗಿತ್ತು. ಅವರ ತಮ್ಮ ಮುಂದೆ ಅದೇ ಹಡಗಿನಲ್ಲಿ ನಾವಿಕನಾಗಿದ್ದವರು; ಮನೆತನದಲ್ಲಿ ಉಳಿದವರು ಅವರೊಬ್ಬರೇ. ಅಕ್ಕನ ಎಂಬತ್ತನೆಯ ಹುಟ್ಟುಹಬ್ಬಕ್ಕೆ ಬರುವವರಿದ್ದರು. ಅಪ್ಪ ಸುಳ್ಳು ಹೇಳಲಿಲ್ಲ ಎಂಬ ಒಂದು ಮಾತನ್ನು ತಮ್ಮನ ಬಾಯಿಂದ ಕೇಳಿ ಸಾಯಬೇಕೆಂಬುದು ಅಕ್ಕನ ಆಸೆ.

"ನಾನು ಕೇಳಿದರೆ ಎದ್ದು ಹೋಗುತ್ತಾನೆ. ನೀವು ಅತಿಥಿ, ದೋಣಿಯ ಊರಿನವರು. ನಿಮಗೆ ಉತ್ತರ ಕೊಡುತ್ತಾನೆ."

ಆ ದಿನ ಮೇಜಿನ ಸುತ್ತ ನಾವು ನಾಲ್ವರೇ ಇದ್ದೆವು. ಮಗಳು ನನ್ನ ಮಾತನ್ನು ಜರ್ಮನ್‌ಗೆ ತಿರುಗಿಸುತ್ತಿದ್ದಳು. ಅವರ ತಮ್ಮನೋ, ಸೊಗಸಾದ ಮುದುಕ. ನನ್ನ ಮಂಜಿಯ ಕಥೆಗಳಿಗೆ ಮನಸಾರೆ ನಕ್ಕರು. ನಾನು ಮೊದಲೇ ಓದಿಟ್ಟುಕೊಂಡಿದ್ದೆ: ದೊಡ್ಡ ನೌಕಾ ರಾಷ್ಟ್ರಗಳು ತಮ್ಮೊಳಗೆ ಮಾಡಿಕೊಂಡ ವಾಷಿಂಗ್ಟನ್ ಒಪ್ಪಂದದವರು ಹಡಗಿನ ತೂಕವೆಂದರೆ ಏನೆಂದು ಬರೆದಿಟ್ಟಾಗ ಮದ್ದುಗುಂಡು, ಆಹಾರ ಎಲ್ಲವನ್ನೂ ಸೇರಿಸಿ, ಉರುವಲನ್ನೂ ಬಾಯ್ಲರಿನ ಹೆಚ್ಚುವರಿ ನೀರನ್ನೂ ಮಾತ್ರ ಬಿಟ್ಟಿದ್ದರು. ಜರ್ಮನಿ ಅದಕ್ಕೆ ಸಹಿ ಹಾಕಿರಲಿಲ್ಲವಾದರೂ ಲೆಕ್ಕಕ್ಕೆ ಆ ಅಳತೆಗೋಲನ್ನೇ ಹಿಡಿದಿತ್ತು. ಆದ್ದರಿಂದ ಕೇಳಿದೆ: ಎಣ್ಣೆ ತುಂಬಿಸುವ ಮೊದಲು, ಟ್ಯಾಂಕುಗಳು ಬರಿದಾಗಿದ್ದಾಗ, ಹತ್ತು ಸಾವಿರ ಟನ್ನಿಗೆ ನೀರು ಇಲ್ಲಿಗೆ ಮುಟ್ಟಬೇಕೆಂದು ನಕ್ಷೆಯಲ್ಲಿ ಬರೆದ ಗೆರೆ ನೀರಿನ ಮೇಲೆ ಕಾಣುತ್ತಿತ್ತೇ?

ತಮ್ಮ ಮತ್ತೆ ನಕ್ಕರು. "ಆ ಗೆರೆಯೇ? ಅದನ್ನು ಮೀನುಗಳೇ ನೋಡಿರಬೇಕು. ನಮಗೆಲ್ಲ ಗೊತ್ತಿತ್ತು. ಅಡುಗೆಯವನಿಗೂ ಗೊತ್ತಿತ್ತು."

ನಗು ಅವರ ಮುಖದಲ್ಲಿ ಇನ್ನೂ ಉಳಿದಿದ್ದಾಗಲೇ ಅಕ್ಕ ಕೇಳಿದರು: "ಅಮ್ಮನಿಗೆ?"

ತಮ್ಮ ಕೇಕಿನ ತಟ್ಟೆಯನ್ನು ಸ್ವಲ್ಪ ದೂರ ಸರಿಸಿದರು. ಆ ತಟ್ಟೆಯನ್ನೇ ನೋಡುತ್ತ ಏನೋ ಹೇಳಿದರು. ಮಗಳು ಅದನ್ನು ನನಗೆ ಅನುವಾದಿಸಲು ಹಿಂಜರಿದಳು, ಆಮೇಲೆ ಕೆಳದನಿಯಲ್ಲಿ ಹೇಳಿದಳು: "ಅಪ್ಪಾ, ಅವರ ಅಮ್ಮನೇ ಅವರಿಗೆ ಹೇಳಿದ್ದಂತೆ... ಅಪ್ಪ ಹೇಳಿದ್ದು ನಿಜ, ಆದ್ರೆ ಅಕ್ಕನಿಗೆ ಹೇಳ್ಬೇಡ, ಅವಳು ಹೋಗಿ ಅಪ್ಪನೊಟ್ಟಿಗೆ ಮಾತಾಡಿಯಾಳು ಅಂತ."

ಕೆಳಮನೆಯವರು ಅಳಲಿಲ್ಲ. ತಮ್ಮನ ಬಟ್ಟಲಿಗೆ ಕಾಫಿ ಸುರಿದರು, ಸಕ್ಕರೆ ಮುಂದಿಟ್ಟರು. ತಮ್ಮ ಹೊರಟ ಮೇಲೆ ಪಾತ್ರೆ ತೊಳೆಯಲು ನಾನು ನೆರವಾದಾಗ, ನನ್ನತ್ತ ತಿರುಗದೆಯೇ ಇಂಗ್ಲಿಷಿನಲ್ಲಿ ಹೇಳಿದರು: "ಯಾರೂ ನಂಬಲಿಲ್ಲ ಎಂದುಕೊಂಡಿದ್ದೆ. ಎಲ್ಲರೂ ನಂಬಿದ್ದರು. ನಂಬಿಕೊಂಡೇ ಬಿಟ್ಟುಹೋದರು. ನಂಬದೇ ಹೋದವಳು ನಾನೊಬ್ಬಳೇ."

ನಾನು ಕೊನೆಯ ಬಟ್ಟಲನ್ನು ಒರೆಸಿಟ್ಟೆ. ವೀಸಾ ಮುಗಿದು ನಾನು ಮಂಗಳೂರಿಗೆ ಮರಳಿದೆ. ಆ ಚಳಿಗಾಲದಲ್ಲೇ ಅವರು ತೀರಿಕೊಂಡರೆಂದು ಮಗಳು ಫೋನಿನಲ್ಲಿ ಹೇಳಿದಳು. ತಮ್ಮ ಬಂದಿದ್ದರೋ ಇಲ್ಲವೋ... ಕೇಳಲು ಮನಸ್ಸಾಗಲಿಲ್ಲ.

ಈಗ ನಾನು ಇಲ್ಲಿಯೇ ಮಗಳೊಡನಿದ್ದೇನೆ. ಕೆಳಮನೆಯಲ್ಲಿ ಬೇರೆ ಯಾರೋ ಇದ್ದಾರೆ, ಒಳ್ಳೆಯವರೇ. ಆ ನೌಕಾ ಒಪ್ಪಂದಗಳು ಸೋತವೆಂದು ಪುಸ್ತಕಗಳು ಬರೆಯುತ್ತವೆ, ಕಾಗದಕ್ಕೆ ಬೆಲೆಯಿಲ್ಲವೆಂಬ ಪಾಠ ಹೇಳುತ್ತವೆ. ತೂಗಿದವನೊಬ್ಬನಿದ್ದ, ಅವನ ಮಾತನ್ನು ಮನೆಯವರೇ ನುಂಗಿಕೊಂಡರು ಎಂದು ಬರೆದವರಿಲ್ಲ. ನನ್ನ ಮುಪ್ಪಿನ ನೆನಪನ್ನು ನಂಬಬೇಕೆಂದು ನಾನು ಯಾರನ್ನೂ ಕೇಳುವುದಿಲ್ಲ. ಆ ಮೇಜಿನಲ್ಲಿದ್ದ ನನ್ನ ಮಗಳಿದ್ದಾಳೆ, ಅವಳನ್ನು ಕೇಳಬಹುದು. ಅದೂ ಬೇಡವೆನ್ನುವವರು ಯಾವುದಾದರೂ ಗ್ರಂಥಾಲಯದಲ್ಲಿ ವರ್ಸೇಲ್ಸ್ ಒಪ್ಪಂದದ ನೂರ ತೊಂಬತ್ತನೆಯ ವಿಧಿಯನ್ನು ತೆರೆಯಲಿ. ಯುದ್ಧದ ನಂತರ ಅಚ್ಚಾದ ನೌಕಾ ಕೈಪಿಡಿಯೊಂದರಲ್ಲಿ ಆ ಮೂರು ಹಡಗುಗಳ ನಿಜವಾದ ತೂಕವನ್ನು ನೋಡಿ, ಎರಡು ಅಂಕಿಗಳನ್ನೂ ಪಕ್ಕಪಕ್ಕದಲ್ಲಿ ಬರೆಯಲಿ. ಒಂದರಿಂದ ಇನ್ನೊಂದನ್ನು ಕಳೆದಾಗ ಉಳಿಯುವುದಿದೆಯಲ್ಲ, ಆ ತಂದೆ ಊಟದ ಮೇಜಿನಲ್ಲಿ ಹೇಳಿದ್ದು ಅಷ್ಟನ್ನೇ.