ಕಚೇರಿಯಲ್ಲಿ ನನ್ನ ನಿದ್ದೆ

ಸಂಗೀತ ಕಚೇರಿಗೆ ಬಂದು ನಿದ್ದೆ ಹೊಡೆಯುವವರನ್ನು ಕಂಡರೆ ನಿಮಗೆ ಮೈ ಉರಿಯುತ್ತದೆ ಎಂದಾದರೆ ಇದನ್ನು ಇಲ್ಲಿಗೇ ಬಿಟ್ಟುಬಿಡಿ. ನಾನು ಅಂಥವನೇ. ಕೋಳಿ ಕೂಗುವ ಮುಂಚೆ ಎದ್ದು ಹಸುಗಳ ಹಾಲು ಕರೆದು, ಡೇರಿಗೆ ಹಾಕಿ, ಕಬ್ಬಿನ ಗದ್ದೆಗೆ ನೀರು ಹಾಯಿಸಿ, ಸಂಜೆ ಮತ್ತೆ ಹಾಲು ಕರೆದು ಡೇರಿಗೆ ಹಾಕಿ ಬಂದು ಕೂತ ಮನುಷ್ಯ ನಾನು. ಮೇಲೆ ಫ್ಯಾನು ತಿರುಗುತ್ತಾ ಎದುರಿಗೆ ಶ್ರುತಿಪೆಟ್ಟಿಗೆ ಗುಂಯ್ ಎನ್ನುತ್ತಾ ಇದ್ದರೆ ಇನ್ನೇನಾಗಬೇಕು ಹೇಳಿ. ಮೊದಲ ಹಾಡು ಮುಗಿಯುವವರೆಗೆ ಕಣ್ಣು ಬಿಟ್ಟುಕೊಂಡಿದ್ದರೆ ಅದೇ ಹೆಚ್ಚು.

ಇದಕ್ಕೆ ನನಗೇನೂ ನಾಚಿಕೆ ಇರಲಿಲ್ಲ. ನಾಚಿಕೆ ಶುರುವಾದದ್ದು ನನ್ನ ಹೆಂಡತಿಯೇ ವೇದಿಕೆ ಮೇಲೆ ಕೂತು ಹಾಡತೊಡಗಿದ ಮೇಲೆ.

ನಮ್ಮೂರಿನಿಂದ ಪಾಂಡವಪುರಕ್ಕೆ ಹೋಗುವ ದಾರಿಯಲ್ಲಿ ಒಂದು ಕಲಾಮಂದಿರವಿದೆ. ಮಂದಿರ ಎಂದರೆ ದೊಡ್ಡದೇನಲ್ಲ, ಹಿಂದೆ ಅದು ಬೆಲ್ಲದ ಗೋದಾಮು. ಊರವರು ಸೇರಿ ಸುಣ್ಣ ಬಳಿಸಿ, ಒಂದು ತುದಿಗೆ ಕಟ್ಟೆ ಕಟ್ಟಿಸಿ, ಪ್ಲಾಸ್ಟಿಕ್ ಕುರ್ಚಿ ಹಾಕಿದ್ದಾರೆ. ಬೆಲ್ಲ ಹೋಗಿ ಎಷ್ಟೋ ಕಾಲವಾದರೂ ಇರುವೆಗಳಿಗೆ ಆ ಸಮಾಚಾರ ಇನ್ನೂ ಮುಟ್ಟಿಲ್ಲ. ಬೇಸಿಗೆಯಲ್ಲಿ ಗೋಡೆಯ ಬಿರುಕಿನಿಂದ ಸಾಲು ಸಾಲಾಗಿ ಬರುತ್ತವೆ. ಮೃದಂಗದವರು ಕೂರುವ ಮುಂಚೆ ಜಮಖಾನ ಒದರಿಯೇ ಕೂರುವುದು.

ಅಲ್ಲಿ ತಿಂಗಳಿಗೊಂದು ಭಾನುವಾರ ಕಚೇರಿ. ಕರಪತ್ರದಲ್ಲಿ ಯಾವ ಹೊತ್ತು ಅಚ್ಚಾಗಿದ್ದರೂ ಡೇರಿಯ ಕ್ಯಾನುಗಳು ಲಾರಿ ಹತ್ತುವ ತನಕ ಕಚೇರಿ ಶುರುವಾಗುವುದಿಲ್ಲ. ಒಂದು ಸಲ ಬೆಂಗಳೂರಿನಿಂದ ಬಂದ ಕೊಳಲಿನವರೊಬ್ಬರು ಖಾಲಿ ಕುರ್ಚಿಗಳನ್ನು ನೋಡಿ ಮುಖ ಸಣ್ಣ ಮಾಡಿಕೊಂಡು ಕೂತಿದ್ದಾಗ ಕಾವಲಿನವನು ಹೋಗಿ ಸಮಾಧಾನ ಹೇಳಿದ್ದ: "ಒಂಚೂರು ತಡೀರಿ ಸಾ, ಜನ ಹಾಲಾಕಕ್ಕೆ ಹೋಗವ್ರೆ. ಕ್ಯಾನು ತೊಳ್ಕಂಡು ಬಂದ್ಬುಡ್ತಾರೆ." ಹಾಗೇ ಆಯಿತು. ಜನ ಬಂದರು, ಕೊಳಲು ಕೇಳಿದರು. ನಾನೂ ಬಂದೆ, ಮಲಗಿದೆ.

ಆ ಮಂದಿರದಲ್ಲಿ ಶನಿವಾರ ಶನಿವಾರ ಪಾಠ ಹೇಳಲು ಮೈಸೂರಿನಿಂದ ಒಬ್ಬ ಟೀಚರು ಬರುತ್ತಾರೆ. ಮಗಳ ಮದುವೆಯಾದ ಮಾರನೆಯ ವರ್ಷ ನನ್ನ ಹೆಂಡತಿ ಅಲ್ಲಿಗೆ ಸೇರಿದಳು. ಸ್ಕೂಲು ಮಕ್ಕಳ ಸಾಲಿನ ಕೊನೆಗೆ, ಮುಂದಲೆ ನರೆತ ಇವಳೊಬ್ಬಳು ಚಕ್ಕಂಬಟ್ಟಲು ಹಾಕಿ ಕೂತು ಸರಿಗಮ ಹೇಳುವುದನ್ನು ಕಿಟಕಿಯಿಂದ ನೋಡಿ ಮೊದಲ ದಿನ ನಾನು ನಕ್ಕಿದ್ದೆ. ಅವಳಿಗೆ ಹಾಡು ಹೊಸದಲ್ಲ. ಮದುವೆ ಮನೆಗಳಲ್ಲಿ ಸೋಬಾನೆ ಹೇಳಲು ಅವಳನ್ನೇ ಕರೆಯುತ್ತಿದ್ದರು. ಆದರೆ ಚಪ್ಪರದ ಮೂಲೆಯಲ್ಲಿ ಕೂತು ಹೇಳುವ ಹಾಡನ್ನು ಯಾರು ಕೇಳುತ್ತಾರೆ? ಒಂದು ಕಡೆ ಓಲಗ, ಇನ್ನೊಂದು ಕಡೆ ಬೀಗರ ಗಲಾಟೆ. "ನಾನು ಹಾಡ್ತಿದ್ರೆ ಜನ ಬಾಯ್ಮುಚ್ಕಂಡು ಕೇಳ್ಬೇಕು. ಜೀವಮಾನದಲ್ಲಿ ಒಂದ್ಸಲ ಆದ್ರೂವೆ," ಎಂದು ಅವಳು ಅಂದಿದ್ದಳು. ಅವಳ ಆಸೆ ಅಷ್ಟೇ.

ಟೀಚರು ಶಿಷ್ಯರಿಗೆ ಕಚೇರಿಗೆ ಮೊದಲು ಒಂದೋ ಎರಡೋ ಹಾಡು ಹಾಡಿಸುತ್ತಿದ್ದರು. ಇವಳು ಹಾಡುವಾಗಲೂ ನಾನು ಎರಡನೇ ಸಾಲಿನಲ್ಲಿ ಕಂಬದ ಪಕ್ಕದ ಕುರ್ಚಿಯಲ್ಲಿ ಕಂಬಕ್ಕೆ ತಲೆಯಿಟ್ಟು ಮಲಗಿಬಿಡುತ್ತಿದ್ದೆ. ಬೇಕೆಂದೇ ಅಲ್ಲ ಸ್ವಾಮಿ. ನನಗೆ ಮೊದಲಿನಿಂದ ಪಂಪ್‌ಹೌಸ್ ಪಕ್ಕ ಮಲಗಿ ಅಭ್ಯಾಸ. ಮೋಟಾರು ಓಡುತ್ತಿದ್ದರೆ ಜೋಗುಳ ಹಾಡಿದ ಹಾಗೆ ನಿದ್ದೆ ಬರುತ್ತದೆ. ಶ್ರುತಿಪೆಟ್ಟಿಗೆಯೂ ಅದೇ ಸದ್ದು.

ವಾಪಸು ಹೊರಟಾಗ ಅವಳು ಕೇಳುತ್ತಿದ್ದಳು, "ಎಂಗಿತ್ತು?"

"ಸಂದಾಗಿತ್ತು."

"ಎರಡನೇದು?"

"ಅದೂ ಸಂದಾಗಿತ್ತು."

ಒಂದು ದಿನ ಹೀಗೆ ಹೇಳಿದ ಮೇಲೆ ನೋಡಿದರೆ ಅವತ್ತು ಅವಳು ಹಾಡಿದ್ದು ಒಂದೇ. ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು ಬೈಕು ಹತ್ತಿದಳು.

ನನ್ನ ಸಂಕಟ ನಿಮಗೆ ಅರ್ಥವಾಗಬೇಕಾದರೆ ನನ್ನ ಬಾಯಿಯ ವಿಚಾರ ಹೇಳಬೇಕು. ನಾನು ಮುಖಕ್ಕೆ ಹೊಡೆದ ಹಾಗೆ ಮಾತಾಡುವವನು. ಭಾವಮೈದುನನ ಗೃಹಪ್ರವೇಶದ ದಿನ, ಊಟದ ಎಲೆಯ ಮುಂದೆ ಕೂತುಕೊಂಡೇ, "ಮೆಟ್ಲು ಕಟ್ಸಿರೋದು ಮನ್ಸರು ಹತ್ತಕ್ಕಾ, ಮೇಕೆ ಹತ್ತಕ್ಕಾ?" ಎಂದು ಕೇಳಿದವನು. ನನ್ನ ಬಾಯಿಂದ ಒಳ್ಳೆಯ ಮಾತು ಬಂದರೆ ಅದು ನಿಜವೇ ಇರಬೇಕು ಎಂದು ಊರಿಗೆಲ್ಲ ಗೊತ್ತು. ಅಂಥವನು ಹೆಂಡತಿಗೆ ತಿಂಗಳು ತಿಂಗಳೂ ಸುಳ್ಳು ಹೇಳುತ್ತಿದ್ದೆ. ಅವಳಾದರೂ ಅಕ್ಕಪಕ್ಕದವರ ಹತ್ತಿರ, "ಬೇರೇರು ಸುಮ್ನೆ ಹೊಗಳ್ತಾರೆ. ನಮ್ಮನೆಯವ್ರ ಕಿವಿ ಮಾತ್ರ ಸುಳ್ಳೇಳಕ್ಕಿಲ್ಲ," ಎಂದು ಹೇಳಿಕೊಳ್ಳುತ್ತಿದ್ದಳು. ಆ ಮಾತು ಕಿವಿಗೆ ಬಿದ್ದಾಗೆಲ್ಲ ನಾನು ಹಗ್ಗ ಹುಡುಕುವ ನೆಪದಲ್ಲಿ ಕೊಟ್ಟಿಗೆಗೆ ಹೋಗಿಬಿಡುತ್ತಿದ್ದೆ.

ಹೀಗಿರುವಾಗ ಹೋದ ವರ್ಷ ಮಂದಿರದ ವಾರ್ಷಿಕೋತ್ಸವಕ್ಕೆ ಒಂದು ಗಂಟೆ ಹಾಡಲು ಟೀಚರು ಇವಳಿಗೇ ಹೇಳಿದರು. ಪೂರ್ತಿ ಕಚೇರಿ, ಇವಳೊಬ್ಬಳದೇ. ಪಿಟೀಲಿಗೆ ನಾಗಮಂಗಲದಿಂದ ಒಬ್ಬ ಹೆಣ್ಣುಮಗಳು, ಮೃದಂಗಕ್ಕೆ ಶ್ರೀರಂಗಪಟ್ಟಣದವರು. ಹೊಸಹೊಳಲಿನಿಂದ ಇವಳ ಅಕ್ಕ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಬರುವುದೆಂದಾಯಿತು. ಇವಳು ಹಿಟ್ಟು ನಾದುವಾಗ, ಸಗಣಿ ಬಾಚುವಾಗ, ಎಲ್ಲ ಹೊತ್ತಿನಲ್ಲೂ ಗುನುಗುತ್ತಿದ್ದಳು. "ಇದೊಂದ್ಸಲ ನೆಟ್ಟಗೆ ಹಾಡ್ಬುಟ್ರೆ ಸಾಕು ಕಣ್ರೀ," ಎಂದಳು.

ನನಗೆ ಭಯ ಹತ್ತಿಕೊಂಡಿತು. ನನ್ನ ಮಾತು ನಂಬಿಕೊಂಡು ಇವಳು ಅಷ್ಟು ಜನರೆದುರಿಗೆ ಹೋಗಿ ಕೂರುತ್ತಿದ್ದಾಳೆ. ಇವಳು ಚೆನ್ನಾಗಿ ಹಾಡುತ್ತಾಳೋ ಇಲ್ಲವೋ ನನಗೆ ಗೊತ್ತೇ ಇಲ್ಲ. ಈ ಒಂದು ದಿನವಾದರೂ ಗಂಡಸಿನ ಹಾಗೆ ಎಚ್ಚರವಿದ್ದು ಕೇಳಬೇಕು ಎಂದು ತೀರ್ಮಾನ ಮಾಡಿದೆ. ಅವತ್ತು ಸಂಜೆಯ ಹಾಲು ಕರೆಯುವುದನ್ನು ತಮ್ಮನಿಗೆ ವಹಿಸಿದೆ. ಮಧ್ಯಾಹ್ನ ಉಂಡು ಚೆನ್ನಾಗಿ ಮಲಗಿ ಎದ್ದೆ. ಮಂದಿರದ ಎದುರಿನ ಅಂಗಡಿಯಲ್ಲಿ ಕಡಕ್ ಟೀ ಕುಡಿದು, ಬಾಯಿಗೆ ಲವಂಗ ಹಾಕಿಕೊಂಡು ಒಳಗೆ ಹೋದೆ. ಕುರ್ಚಿಯಲ್ಲಿ ಕೂತರೆ ಕೆಟ್ಟೆ ಎಂದು ಗೊತ್ತಿದ್ದರಿಂದ ಕಂಬದ ಪಕ್ಕ ನಿಂತೇ ಇದ್ದೆ.

ಅವಳು ಮೆಂತ್ಯದ ಬಣ್ಣದ ರೇಷ್ಮೆ ಸೀರೆ ಉಟ್ಟಿದ್ದಳು. ಮೊದಲ ಹಾಡು ಸಲೀಸಾಗಿ ಹೋಯಿತು. ಜನ ನಿಜಕ್ಕೂ ಬಾಯಿ ಮುಚ್ಚಿಕೊಂಡು ಕೇಳುತ್ತಿದ್ದರು. ಹಾಡು ಮುಗಿದಾಗ ಅವಳು ನನ್ನ ಕುರ್ಚಿಯತ್ತ ನೋಡಿದಳು. ಕುರ್ಚಿ ಖಾಲಿ. ಅತ್ತಿತ್ತ ಹುಡುಕಿ ನಾನು ನಿಂತಿರುವುದನ್ನು ಕಂಡಳು. ನಾನು ಇನ್ನಷ್ಟು ಕಣ್ಣಗಲಿಸಿ ತಲೆಯಾಡಿಸಿದೆ.

ಎರಡನೇ ಹಾಡಿನ ನಡುವೆ ಮತ್ತೆ ನೋಡಿದಳು. ನಾನು ಮತ್ತೆ ತಲೆಯಾಡಿಸಿದೆ. ಆಮೇಲೆ ಸಾಲು ಸಾಲಿಗೂ ನೋಡತೊಡಗಿದಳು. ಅವಳ ದನಿ ಸಣ್ಣದಾಗುತ್ತಾ ಬಂತು. ನನಗೆ ಏನೂ ಅರ್ಥವಾಗಲಿಲ್ಲ. ಧೈರ್ಯ ಕೊಡೋಣವೆಂದು ಇನ್ನೊಂದು ಹೆಜ್ಜೆ ಮುಂದೆ ಬಂದು ನಿಂತೆ. ಆಮೇಲೆ ಎತ್ತಿಕೊಂಡ ದೊಡ್ಡ ಹಾಡಿನಲ್ಲಿ ಮೇಲಿನ ಸ ಸ್ವರ ಹಿಡಿದು ನಿಲ್ಲಬೇಕಾದ ಒಂದು ಜಾಗವಿತ್ತು. ಅಲ್ಲಿ ದನಿ ಒಡೆಯಿತು. ಪಿಟೀಲಿನ ಹೆಣ್ಣುಮಗಳು ಆ ಸ್ವರವನ್ನೇ ನುಡಿಸಿ ದಾರಿ ತೋರಿಸಿದಳು. ಇವಳು ಮತ್ತೆ ಹತ್ತಲು ಹೋದಳು, ಮತ್ತೆ ಒಡೆಯಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಗಂಟೆ ತುಂಬುವ ಎಷ್ಟೋ ಮೊದಲೇ ಮಂಗಳ ಹಾಡಿ ಕೈಮುಗಿದುಬಿಟ್ಟಳು.

ಮಂದಿರದ ಅಧ್ಯಕ್ಷರು ಶಾಲು ಹೊದಿಸಿ ಬಹಳ ಸೊಗಸಾಗಿತ್ತು ಎಂದರು. ಅವಳ ಅಕ್ಕ ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡು ನೆಲ ನೋಡುತ್ತಿದ್ದರು. ದಾರಿಯುದ್ದಕ್ಕೂ ಇವಳು ಎಂಗಿತ್ತು ಎಂದು ಕೇಳಲಿಲ್ಲ. ಕೇಳಬಾರದೇ ಎಂದು ನಾನು ಕಾಯುತ್ತಿದ್ದೆ.

ಮಾರನೆಯ ಬೆಳಿಗ್ಗೆ ಕೊಟ್ಟಿಗೆಯಲ್ಲಿ ಅವಳು ಹುಲ್ಲು ಹಾಕುತ್ತಿದ್ದಳು, ನಾನು ಹಾಲು ಕರೆಯುತ್ತಿದ್ದೆ. ಹಸುವಿನ ಹೊಟ್ಟೆಯ ಮರೆಯಲ್ಲಿ ಮುಖ ಕಾಣದಿದ್ದರಿಂದ ಬಾಯಿ ಬಿಟ್ಟೆ.

"ಎಲ್ಲಾ ನನ್ನಿಂದ್ಲೇ ಆಗಿದ್ದು ಕಣಮ್ಮಿ. ಇಷ್ಟ್ ದಿನ ನಿನ್ ಹಾಡು ನಾನು ಕೇಳೇ ಇಲ್ಲ. ಮಲಿಕ್ಕಂಡುಬುಡ್ತಿದ್ದೆ. ಸಂದಾಗಿತ್ತು ಅಂದಿದ್ದೆಲ್ಲಾ ಸುಳ್ಳು."

ಹುಲ್ಲಿನ ಸದ್ದು ನಿಂತಿತು. "ಮಲಿಕ್ಕಂತಿದ್ದಿದ್ದು ನಂಗೊತ್ತಿಲ್ವಾ?" ಎಂದಳು.

"ಗೊತ್ತಿತ್ತಾ?"

"ವೇದಿಕೆ ಮೇಲಿಂದ ಕಾಣೋದೇ ನಿಮ್ಮ ತೆರೆದ ಬಾಯಿ. ಗೊತ್ತಾಗ್ದೆ ಏನು?" ಆಮೇಲೆ ಹುಲ್ಲಿನ ಕಂತೆ ಕೆಳಗೆ ಹಾಕಿ ಹೇಳಿದಳು. "ಮೋಟಾರು ಸಮವಾಗಿ ಓಡ್ತಿದ್ರೆ ನೀವು ಪಕ್ಕದಲ್ಲೇ ಗೊರಕೆ ಹೊಡೀತೀರಿ. ಒಂಚೂರು ಗಾಳಿ ಎಳೆದು ಸದ್ದು ಬದಲಾದ್ರೆ ಸಾಕು, ಧಡಕ್ಕಂತ ಎದ್ದು ಕೂತ್ಕತೀರಿ. ಹಾಡೂ ಅಂಗೇ. ಆವತ್ತು ಬೆಳ್ಳೂರಿನೋರು ಹಾಡ್ತಾ ಶ್ರುತಿ ತಪ್ಪಿದ್ರಲ್ಲ, ಇಡೀ ಮಂದಿರದಲ್ಲಿ ಎಚ್ಚರ ಆಗಿದ್ದು ನಿಮಗೊಬ್ರಿಗೇ. ಮುಗೀತಾ ಅಂತ ಕೇಳಿದ್ರಿ. ನಾನು ಹಾಡುವಾಗ ನೀವು ಮಲಗಿದ್ರೆ, ಸರಿಯಾಗಿ ಹಾಡ್ತಾವ್ನಿ ಅಂತ ನಂಗೆ ಧೈರ್ಯ. ನೆನ್ನೆ ನೋಡಿದ್ರೆ ಎದ್ದು ನಿಂತಿದ್ರಿ, ಕಣ್ಣು ಬುಟ್ಕಂಡು. ಏನೋ ತಪ್ಪೋಯ್ತು ಅಂದ್ಕಂಡೆ. ಎಲ್ಲಿ ತಪ್ತು, ಎಲ್ಲಿ ತಪ್ತು ಅಂತ ಹುಡುಕ್ತಾ ಗಂಟಲು ಕಟ್ಕತು."

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ. ಅಷ್ಟು ಸಲ ಮಲಗಿದ್ದು ತಪ್ಪೆಂದು ಒಳಗೊಳಗೇ ಬೇಯುತ್ತಿದ್ದವನು, ಮಲಗಲೇಬೇಕಾದ ದಿನ ಎಚ್ಚರವಿದ್ದು ಅವಳ ಕಚೇರಿ ಹಾಳು ಮಾಡಿದೆ. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಅವಳು ಬೈಯಲಿಲ್ಲ. ಇನ್ನು ತಾನು ಅಲ್ಲಿಗೆ ಹೋಗುವುದಿಲ್ಲ ಎಂದಷ್ಟೇ ಹೇಳಿ, ಅಭ್ಯಾಸಕ್ಕೆಂದು ಕೊಂಡಿದ್ದ ಕರೆಂಟಿನ ಶ್ರುತಿಪೆಟ್ಟಿಗೆಗೆ ಹಳೇ ಪಂಚೆ ಸುತ್ತಿ ಅಟ್ಟಕ್ಕೆ ಹಾಕಿದಳು.

ಶನಿವಾರಗಳು ಬಂದವು, ಹೋದವು. ಟೀಚರು ಫೋನು ಮಾಡಿದರೆ ಮೈಗೆ ಹುಷಾರಿಲ್ಲ ಎನ್ನುತ್ತಿದ್ದಳು. ಗುನುಗುವುದೂ ನಿಂತುಹೋಯಿತು. ಮನೆಯಲ್ಲಿ ಏನೋ ಕಳೆದುಹೋದ ಹಾಗಿತ್ತು. ಅವಳು ನನ್ನ ಜೊತೆ ಮಾಮೂಲಿನ ಹಾಗೇ ಇದ್ದಳು, ಮುದ್ದೆಗೆ ತುಪ್ಪವನ್ನೂ ಹಾಕುತ್ತಿದ್ದಳು. ಅದೇ ನನಗೆ ತಡೆಯಲು ಆಗದಿದ್ದದ್ದು. ಪಂಪ್‌ಹೌಸಿನ ಪಕ್ಕ ಹೋಗಿ ಮಲಗಿದರೂ ನಿದ್ದೆ ಹತ್ತುತ್ತಿರಲಿಲ್ಲ.

ಒಂದು ಮಧ್ಯಾಹ್ನ ನಾನೇ ಅಟ್ಟ ಹತ್ತಿ ಪೆಟ್ಟಿಗೆ ಇಳಿಸಿದೆ. ಪಡಸಾಲೆಯಲ್ಲಿ ಚಾಪೆ ಹಾಸಿ, ಅದನ್ನು ತಲೆಯ ಹತ್ತಿರ ಇಟ್ಟು, ಸ್ವಿಚ್ಚು ಹಾಕಿ ಮಲಗಿದೆ. ಹಳೆಯ ಹಾಗೆ ನಿದ್ದೆ ಬಂದುಬಿಡುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ. ಅಷ್ಟರಲ್ಲಿ ಅಡುಗೆಮನೆಯಿಂದ ಅವಳ ಹೆಜ್ಜೆ ಸದ್ದು ಕೇಳಿಸಿತು. ನಾನು ಕಣ್ಣು ಮುಚ್ಚಿ, ಬಾಯಿ ತೆರೆದು, ಉಸಿರನ್ನು ಉದ್ದಕ್ಕೆ ಎಳೆಯತೊಡಗಿದೆ. ಆರಿಸಲು ಬಂದವಳು ಆರಿಸಲಿಲ್ಲ. ಪಕ್ಕದಲ್ಲಿ ಕೂತಳು. ಬಹಳ ಹೊತ್ತಿನ ಮೇಲೆ ಮೆಲ್ಲಗೆ ಒಂದು ಸಾಲು ಎತ್ತಿಕೊಂಡಳು. ನಾನು ಗೊರಕೆ ಹೊಡೆದೆ.

ಮೂರ್ನಾಲ್ಕು ಮಧ್ಯಾಹ್ನ ಹೀಗೇ ಆಯಿತು. ಆಮೇಲೆ ಅವಳೇ ಹೇಳಿದಳು, "ಈ ತಿಂಗಳು ಟೀಚರು ಎರಡು ಹಾಡು ಹಾಡು ಅಂತಾವ್ರೆ. ನೀವು ಬಂದು ಆ ಕಂಬದ ಪಕ್ಕ ಕೂತ್ಕಂಡು ಮಲಗಂಗಿದ್ರೆ ಹೋಗ್ತೀನಿ. ನಿಂತ್ಕಂಡೀರಿ ಮತ್ತೆ."

ಆ ದಿನ ನಾನು ಟೀ ಮುಟ್ಟಲಿಲ್ಲ. ಬೇಕೆಂದೇ ಮಧ್ಯಾಹ್ನ ಪೂರ್ತಿ ಕಬ್ಬಿನ ಗರಿ ಸುಲಿದು ಮೈ ದಣಿಸಿಕೊಂಡು ಹೋಗಿ ಕಂಬಕ್ಕೆ ತಲೆಯಿಟ್ಟೆ. ಶ್ರುತಿ ಗುಂಯ್ ಎಂದಿತು. ಅಯ್ಯೋ ಹಾಳು ನಿದ್ದೆಯೇ, ಬೇಡವೆಂದಾಗ ಮುಗಿಬೀಳುತ್ತಿದ್ದೆ, ಬೇಕೆಂದಾಗ ಎಲ್ಲಿ ಹೋದೆ? ಕಣ್ಣು ಮುಚ್ಚಿ ಬಾಯಿ ತೆರೆದು ಕೂತೆ.

ಹೀಗೆ ನಾನು ನನ್ನ ಹೆಂಡತಿಯ ಹಾಡನ್ನು ಪೂರ್ತಿಯಾಗಿ ಕೇಳಿದೆ. ಮೊದಲನೆಯದು ಮುಗಿದರೂ ಎರಡನೆಯದು ಶುರುವಾಗಲಿಲ್ಲ. ಅವಳು ನನ್ನ ಕಡೆ ನೋಡುತ್ತಿದ್ದಾಳೆ ಎಂದು ಗೊತ್ತಾಯಿತು. ಉಸಿರು ಎಳೆದೆ, ಬಿಟ್ಟೆ. ಎರಡನೆಯದಕ್ಕೆ ಅವಳು ಹಿಡಿದದ್ದು ಆ ದೊಡ್ಡ ಹಾಡನ್ನೇ. ಮೇಲಿನ ಸ ಬರುವ ಜಾಗ ಹತ್ತಿರವಾದಂತೆ ಮಲಗಿದವನ ಹಾಗೆ ಉಸಿರಾಡುವುದೇ ನನಗೆ ಮರೆತುಹೋಯಿತು. ಅವಳು ಸಲೀಸಾಗಿ ಹತ್ತಿದಳು. ಹತ್ತಿ, ಅಲ್ಲಿಯೇ ನಿಂತಳು. ಅವಸರವಿಲ್ಲ, ಹೆದರಿಕೆಯಿಲ್ಲ. ಮನೆಯಲ್ಲಿ ಇಷ್ಟು ವರ್ಷ ಜೊತೆಗಿದ್ದೂ ಆ ದನಿ ಅವಳೊಳಗಿದೆ ಎಂದು ನನಗೆ ತಿಳಿದೇ ಇರಲಿಲ್ಲ. ಎಂಥಾ ಹಾಡುಗಳ ಮೇಲೆ ಬಾಯಿ ತೆರೆದುಕೊಂಡು ಮಲಗಿದ್ದೆನಲ್ಲ ಎಂದು ನನ್ನನ್ನೇ ಬೈದುಕೊಂಡೆ. ಮುಚ್ಚಿದ ಕಣ್ಣಿಂದಲೇ ನೀರು ಇಳಿದು ಮೀಸೆಗೆ ಬಂತು. ಕಂಬದಿಂದ ಇಳಿದ ಇರುವೆಯೊಂದು ಕುತ್ತಿಗೆಗೆ ಹತ್ತಿ ಚೆನ್ನಾಗಿಯೇ ಕಚ್ಚಿತು. ಮಲಗಿದವನು ಕಣ್ಣೊರೆಸಿಕೊಳ್ಳುತ್ತಾನೆಯೇ, ಇರುವೆ ಒದರುತ್ತಾನೆಯೇ? ಕಚ್ಚಿಸಿಕೊಂಡು ಕೂತಿದ್ದೆ.

ಚಪ್ಪಾಳೆ ಜೋರಾಗಿಯೇ ಬಿತ್ತು. ಆ ಸದ್ದಿಗೆ ಎಚ್ಚರವಾದವನ ಹಾಗೆ ಎದ್ದು ಟವೆಲಿನಿಂದ ಮುಖ ಒರೆಸಿಕೊಂಡೆ.

ಹೊರಗೆ ಬೈಕಿನ ಹತ್ತಿರ ಅವಳು ಕೇಳಿದಳು, "ಒಳ್ಳೆ ನಿದ್ದೆ ಬಂತಾ?"

"ಬಂತು ಕಣಮ್ಮಿ. ಅಂಥಾ ನಿದ್ದೆ ಯಾವತ್ತೂ ಬಂದಿರ್ಲಿಲ್ಲ."

ಅವಳು ನಗುತ್ತಾ ಹಿಂದೆ ಕೂತು ಹೆಗಲ ಮೇಲೆ ಕೈಯಿಟ್ಟಳು. ಅವತ್ತಿನಿಂದ ಪ್ರತಿ ತಿಂಗಳೂ ನಾನು ಆ ಕಂಬಕ್ಕೆ ತಲೆಯಿಟ್ಟು ಕಣ್ಣು ಮುಚ್ಚಿಕೊಂಡು ಅವಳ ಹಾಡು ಕೇಳುತ್ತೇನೆ. ಎಷ್ಟು ಚೆನ್ನಾಗಿ ಹಾಡುತ್ತೀಯೇ ಎಂದು ಹೇಳಲು ನಾಲಿಗೆ ತುದಿಗೆ ಬರುತ್ತದೆ. ಹೇಳುವ ಹಾಗಿಲ್ಲ. ಹೇಳಿದರೆ ನಾನು ಎಚ್ಚರವಿದ್ದೆ ಎಂದು ಅವಳಿಗೆ ಗೊತ್ತಾಗಿಬಿಡುತ್ತದೆ.