ಕಿನುಯೊ ತೊಳೆದಿಟ್ಟ ನಳಿಗೆಗಳು

ಇಲಿಯ ಮಿದುಳಿನ ತೆಳು ಚೂರುಗಳನ್ನು ಎಂಟು ಗಾಜಿನ ಕೋಶಗಳಿಗೆ ಇಳಿಸಿ ಕಿನುಯೊ ಪಂಪಿನ ಗುಂಡಿ ಒತ್ತಿದಳು. ರಬ್ಬರು ನಳಿಗೆಗಳಲ್ಲಿ ದ್ರವ ಹರಿಯತೊಡಗಿತು. ಅವಳು ಕೈ ಒರೆಸಿಕೊಂಡಳು. ಒಣಗಿದ ಕೈಯನ್ನೇ ಮತ್ತೆ ಒರೆಸಿಕೊಂಡಳು.

ಜಪಾನಿನ ಕನಜಾವಾ ಊರಿನ ಈ ಪ್ರಯೋಗಾಲಯದಲ್ಲಿ ಅವಳದು ಇಪ್ಪತ್ತಮೂರು ವರ್ಷದ ಕೆಲಸ. ವಿದ್ಯುತ್ತು ತಾಗಿಸಿದರೆ ಚೂರಿನ ನರಗಳು ನಾರ್‌ಅಡ್ರಿನಲಿನ್ ಎಂಬ ರಸ ಬಿಡುತ್ತವೆ. ನರದಿಂದ ನರಕ್ಕೆ ಸುದ್ದಿ ಹೋಗುವುದು ಹೀಗೆ. ಮಾರ್ಫಿನ್ ಕೊಟ್ಟರೆ ಆ ರಸದ ಪ್ರಮಾಣ ಇಳಿಯಬೇಕು. ಅದರ ವಿರುದ್ಧದ ಮದ್ದು ನಲಾಕ್ಸೋನ್ ಸೇರಿಸಿದರೆ ಅದು ಮಾರ್ಫಿನ್ನಿನ ಜಾಗದಲ್ಲಿ ತಾನು ಹೋಗಿ ಕೂರುತ್ತದೆ, ರಸ ಇಳಿಯುವುದಿಲ್ಲ. ಸೋಮವಾರದಿಂದ ಬರೀ ಮಾರ್ಫಿನ್ ಕೊಟ್ಟರೂ ಇಳಿದಿರಲಿಲ್ಲ. ಇವತ್ತು ಗುರುವಾರ.

"ಇವತ್ತೂ ಹಿಂಗೇ ಆದ್ರೆ ಈ ವಿಷಯಾನೇ ಬಿಟ್ಬಿಡು ಅಂದಿದಾರೆ ಸೆನ್ಸೇ," ಎಂದಳು ಸಂಶೋಧನಾ ವಿದ್ಯಾರ್ಥಿನಿ ಚಿಗುಸಾ. ಸೆನ್ಸೇ ಎಂದರೆ ಪ್ರಯೋಗಾಲಯದ ಮುಖ್ಯಸ್ಥರಾದ ಪ್ರೊಫೆಸರು. ಅವಳ ಡಾಕ್ಟರೇಟಿನ ನಾಲ್ಕು ವರ್ಷ ಈ ಚೂರುಗಳಲ್ಲೇ ಕಳೆದಿತ್ತು. "ನನ್ನ ಇಲಿಗಳಿಗೆ ಮಾರ್ಫಿನ್ನೂ ಒಂದೇ, ಮಿಸೋ ಸಾರೂ ಒಂದೇ."

"ಇಲಿಗಳನ್ನ ಆಡ್ಕೋಬೇಡ. ಮಧ್ಯಾಹ್ನ ಅವಕ್ಕೇ ತಲೆ ಬಾಗ್ಬೇಕು," ಎಂದು ಕಿನುಯೊ ಪಕ್ಕದ ಕೋಣೆಗೆ ಹೋದಳು, ಏನನ್ನೂ ತಾರದೆ ವಾಪಸು ಬಂದಳು.

ಪ್ರಯೋಗದಲ್ಲಿ ಸತ್ತ ಪ್ರಾಣಿಗಳಿಗೆ ವರ್ಷಕ್ಕೊಮ್ಮೆ ನಮಿಸುವ ದಿನ ಅದು. ಹಿಂದಿನ ಅಂಗಳದ ಸ್ಮಾರಕದ ಕಲ್ಲಿನ ಮುಂದೆ ಎಲ್ಲರೂ ಸಾಲಾಗಿ ನಿಂತು ಬಿಳಿ ಸೇವಂತಿಗೆ ಇಟ್ಟರು. ಕಿನುಯೊ ತಲೆ ಬಾಗಿದಳು. ಬೆಳಗಿನ ಚೂರುಗಳಲ್ಲೂ ರಸ ಇಳಿದಿರಲಿಲ್ಲ. ಅದೂ ಸೇರಿ ಸೋಮವಾರದಿಂದ ಹದಿಮೂರು ಇಲಿ, ದಂಡಕ್ಕೆ.

ಶನಿವಾರ ನಲಾಕ್ಸೋನ್ ಹರಿದಿದ್ದ ನಳಿಗೆಗಳನ್ನು ಅವಳು ಎಸೆದಿರಲಿಲ್ಲ. ಮಾರ್ಚ್ ಕೊನೆ, ಹೊಸವು ಬರುವುದು ಏಪ್ರಿಲ್‌ಗೆ. ಗಟ್ಟಿಯಾಗೇ ಇವೆಯಲ್ಲ ಎಂದು ತೊಳೆದು ಮತ್ತೆ ಜೋಡಿಸಿದ್ದಳು. ರಬ್ಬರು ಔಷಧವನ್ನು ಹೀರಿಟ್ಟುಕೊಂಡು ಆಮೇಲೆ ಹನಿಹನಿಯಾಗಿ ಬಿಡುತ್ತದೆ ಎಂದು ಹೊಸಬರಿಗೆಲ್ಲ ಹೇಳಿಕೊಡುತ್ತಿದ್ದವಳೂ ಅವಳೇ. ನಿನ್ನೆಯಿಂದ ಅನುಮಾನ ಕೊರೆಯುತ್ತಿತ್ತು.

"ಚಿಗುಸಾ, ತಪ್ಪು ನಿಂದಲ್ಲ, ನಂದು. ನಲಾಕ್ಸೋನ್ ಹರಿದಿದ್ದ ನಳಿಗೆಗಳನ್ನೇ ತೊಳೆದು ಹಾಕಿದೀನಿ," ಎಂದಳು ಕಿನುಯೊ ಅಂಗಳದಿಂದ ಒಳಗೆ ಬರುತ್ತ.

ಚಿಗುಸಾ ಅವಳನ್ನೇ ನೋಡಿದಳು. "ಮೊದಲನೇ ವರ್ಷ ನಾನಿದನ್ನೇ ಮಾಡಿದ್ದಕ್ಕೆ ಊಟದ ಹೊತ್ತಿನ ತನಕ ಬೈದಿದ್ರಿ, ಕಿನುಯೊ-ಸಾನ್."

"ಬೈದಿದ್ದೆ. ಈಗ ನೀನು ಬೈ."

"ಮೊದ್ಲು ಸೆನ್ಸೇಗೆ ಹೇಳಿ. ಬೈಯೋದು ಆಮೇಲೆ ಇದ್ದೇ ಇದೆ."

ಕಿನುಯೊ ಆಗಲೇ ಮೆಟ್ಟಿಲು ಹತ್ತುತ್ತಿದ್ದಳು. ಸೆನ್ಸೇ ಕೇಳಿಸಿಕೊಂಡು ಇನ್ನೊಂದೇ ದಿನ ಕೊಟ್ಟರು. ಸಂಜೆ ಅವಳು ಕೆಳಮಹಡಿಯವರನ್ನು ಕೇಳಿ ಎಂಟು ಹೊಸ ನಳಿಗೆ ತಂದು ಜೋಡಿಸಿದಳು. ನಾಳೆ ಬೆಳಿಗ್ಗೆ ಏಳಕ್ಕೆ ಹದಿನಾಲ್ಕನೆಯ ಇಲಿಯ ಮಿದುಳನ್ನು ಅವಳೇ ಕತ್ತರಿಸಬೇಕು.